ಒಂದು ಮಗು, ಎರಡು ಮನೆ: ಬೇರ್ಪಟ್ಟ ಮೇಲೆ ಪಾಲನೆಯ ಒಪ್ಪಂದ ಬರೆಯುವ ಬಗೆ

ಶುಕ್ರವಾರ ಸಂಜೆ ಮಗುವನ್ನು ಯಾರು ಕರೆದುಕೊಂಡು ಹೋಗಬೇಕು, ಎಷ್ಟು ಗಂಟೆಗೆ, ಎಲ್ಲಿಂದ? ಅರ್ಧ ಗಂಟೆ ತಡವಾದರೆ ಯಾರಿಗೆ ತಿಳಿಸಬೇಕು? ಅಂದು ಮಗುವಿಗೆ ಜ್ವರ ಬಂದಿದ್ದರೆ ಆ ಭೇಟಿ ರದ್ದೋ, ಮುಂದಿನ ವಾರಕ್ಕೆ ಹೋಗುತ್ತದೆಯೋ? ದಾಂಪತ್ಯ ಮುಗಿಸಿದವರು ವರ್ಷಗಟ್ಟಲೆ ಕಿತ್ತಾಡುವುದು ಬಹುಮಟ್ಟಿಗೆ ಇಂಥ ಪ್ರಶ್ನೆಗಳಿಗಾಗಿ. ಮಗು ಯಾರ ಸುಪರ್ದಿಗೆ ಎಂಬುದಕ್ಕೆ ನ್ಯಾಯಾಲಯ ಒಂದು ದಿನ ಉತ್ತರ ಕೊಟ್ಟು ಕಡತ ಮುಚ್ಚುತ್ತದೆ. ಶುಕ್ರವಾರ ಮಾತ್ರ ಪ್ರತಿ ವಾರವೂ ಬರುತ್ತದೆ.

ಬೇರ್ಪಟ್ಟ ಹೆತ್ತವರು ಸ್ನೇಹಿತರಾಗಿ ಉಳಿಯಬೇಕು, ಪರಸ್ಪರ ಕ್ಷಮಿಸಬೇಕು ಎಂದು ಉಪದೇಶಿಸುವವರಿಗೆ ಕೊರತೆಯಿಲ್ಲ. ಹಾಗಾದರೆ ಒಳ್ಳೆಯದೇ, ಆಗದಿದ್ದರೂ ಕೆಲಸ ನಡೆಯುತ್ತದೆ. ಓದಲು ಬೇಸರವಾಗುವಷ್ಟು ವಿವರವುಳ್ಳ ಒಂದು ಲಿಖಿತ ಒಪ್ಪಂದ ಕೈಯಲ್ಲಿದ್ದರೆ, ಒಬ್ಬರ ಮುಖ ಒಬ್ಬರು ನೋಡಲಾರದವರೂ ಮಗುವನ್ನು ನೆಟ್ಟಗೆ ಬೆಳೆಸಬಲ್ಲರು. ಅದನ್ನು ಹೇಗೆ ಕಟ್ಟುವುದು ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ, ಕೆಲವೆಡೆ ಧರ್ಮದಿಂದ ಧರ್ಮಕ್ಕೆ ಬೇರೆಯಾಗುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಕರಡನ್ನು ಕೌಟುಂಬಿಕ ವ್ಯಾಜ್ಯ ನಡೆಸುವ ವಕೀಲರೊಬ್ಬರಿಗೆ ತೋರಿಸಲೇಬೇಕು.

ಎಲ್ಲಕ್ಕೂ ಮೊದಲು: ನೀವು ಸುರಕ್ಷಿತರೇ?

ಹೊಡೆತ, ಬೆದರಿಕೆ, ಹಿಂಬಾಲಿಸುವುದು, ಹಣ ಮತ್ತು ಓಡಾಟದ ಮೇಲೆ ಪೂರ್ತಿ ಹಿಡಿತ, ಮಗುವಿನ ಮೇಲೆ ದೌರ್ಜನ್ಯ: ಇವುಗಳಲ್ಲಿ ಯಾವುದೇ ಒಂದು ಇದ್ದರೂ ಕೆಳಗಿನ ಸಲಹೆಗಳಲ್ಲಿ ಅರ್ಧ ನಿಮಗೆ ಅನ್ವಯಿಸುವುದಿಲ್ಲ. ಹಿಂಸೆಯ ಮನೆಯಿಂದ ಹೊರಬರುವ ಹೊತ್ತು ಮತ್ತು ಅದರ ನಂತರದ ತಿಂಗಳುಗಳು ಅತಿ ಅಪಾಯದವು. ಅಂಥ ಸ್ಥಿತಿಯಲ್ಲಿ ಎದುರು ಬದುರು ಕುಳಿತು ಸಂಧಾನ ಮಾಡಬೇಡಿ. ಮೊದಲು ರಕ್ಷಣಾ ಆದೇಶ ಪಡೆಯಿರಿ. ಮಗುವಿನ ಭೇಟಿ ಮೂರನೆಯವರ ಮೇಲ್ವಿಚಾರಣೆಯಲ್ಲಿ ಮಾತ್ರ ನಡೆಯಲಿ ಎಂದು ನ್ಯಾಯಾಲಯವನ್ನು ಕೇಳಿ. ಮಗುವಿನ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಲಸಿಕೆಯ ದಾಖಲೆ ನಿಮ್ಮ ಬಳಿ ಇರಲಿ. ಫೋನಿನಲ್ಲಿ ನಿಮ್ಮ ಸ್ಥಳ ಹಂಚಿಕೊಳ್ಳುವ ವ್ಯವಸ್ಥೆ ಚಾಲೂ ಇದೆಯೇ ನೋಡಿಕೊಳ್ಳಿ. ಮಗುವಿನ ಟ್ಯಾಬ್ಲೆಟ್ ಹಳೆಯ ಕುಟುಂಬದ ಖಾತೆಗೇ ಜೋಡಣೆಯಾಗಿರುತ್ತದೆ. ಬಹಳ ಜನ ಇದನ್ನು ಮರೆಯುತ್ತಾರೆ, ಹೊಸ ವಿಳಾಸ ಅಲ್ಲಿಂದಲೇ ಬಯಲಾಗುತ್ತದೆ.

ಇನ್ನು ಮುಂದಿನದು, ಮನಸ್ಸು ಮುರಿದಿದ್ದರೂ ಪ್ರಾಣಭಯವಿಲ್ಲದ ಮನೆಗಳಿಗೆ.

ಹಂತ 1: ಸುಪರ್ದಿಯನ್ನು ಬಿಡಿಬಿಡಿಯಾಗಿ ನೋಡಿ

‘ಮಗು ನನಗೇ ಬೇಕು’ ಎಂದು ಪಟ್ಟು ಹಿಡಿಯುವ ಮುನ್ನ ಬೇಕಾಗಿರುವುದು ಯಾವುದು ಎಂದು ಕೇಳಿಕೊಳ್ಳಿ. ಮಗು ದಿನನಿತ್ಯ ಯಾರ ಮನೆಯಲ್ಲಿ ಮಲಗುತ್ತದೆ ಎಂಬುದು ಒಂದು. ಅದರ ಶಾಲೆ, ಚಿಕಿತ್ಸೆ, ಪ್ರಯಾಣದ ಬಗ್ಗೆ ಯಾರು ತೀರ್ಮಾನಿಸುತ್ತಾರೆ ಎಂಬುದು ಇನ್ನೊಂದು. ಮತ್ತೊಬ್ಬರು ಮಗುವಿನೊಂದಿಗೆ ಯಾವಾಗ, ಎಷ್ಟು ಹೊತ್ತು ಇರುತ್ತಾರೆ ಎಂಬುದು ಮೂರನೆಯದು, ಖರ್ಚು ನಾಲ್ಕನೆಯದು. ನಾಲ್ಕನ್ನೂ ಒಂದೇ ಗಂಟು ಕಟ್ಟಿ ಎಳೆದಾಡುವುದರಿಂದಲೇ ಮಾತುಕತೆ ಮುರಿದು ಬೀಳುತ್ತದೆ. ನಾಲ್ಕು ಹಾಳೆ ತೆಗೆದುಕೊಂಡು ಬೇರೆ ಬೇರೆ ಬರೆಯಿರಿ. ಮೂರರಲ್ಲಿ ಇಬ್ಬರಿಗೂ ಹೆಚ್ಚು ತಕರಾರಿಲ್ಲ ಎಂದು ಕಾಣುವುದು ಅಪರೂಪವೇನಲ್ಲ.

ಕಾನೂನಿನ ನಿಲುವೂ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಮಕ್ಕಳ ಮೇಲೆ ತಂದೆಗೆ ಹೆಚ್ಚುಕಡಿಮೆ ಪೂರ್ಣ ಹಕ್ಕಿತ್ತು. ಗಂಡನಿಂದ ಬೇರೆಯಾಗಿ, ಮಕ್ಕಳ ಮುಖ ನೋಡಲೂ ಆಗದೆ ಹೋದ ಕ್ಯಾರೊಲಿನ್ ನಾರ್ಟನ್ ನಡೆಸಿದ ಹೋರಾಟದ ಫಲವಾಗಿ 1839ರಲ್ಲಿ ಕಾಯ್ದೆ ಬಂತು. ಏಳು ವರ್ಷದೊಳಗಿನ ಮಕ್ಕಳ ಸುಪರ್ದಿ ಕೋರಿ ತಾಯಿ ಅರ್ಜಿ ಹಾಕಬಹುದು ಎಂದಾಯಿತು. ಆಮೇಲೆ ಚಿಕ್ಕ ಮಕ್ಕಳು ತಾಯಿಗೇ ಸೇರಬೇಕು ಎಂಬ ಧೋರಣೆ ಅನೇಕ ದೇಶಗಳಲ್ಲಿ ಬಲವಾಯಿತು. ಈಗ ಹೆಚ್ಚಿನ ಕಡೆ ಅಳತೆಗೋಲು ಒಂದೇ, ಮಗುವಿನ ಹಿತ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 3ನೇ ವಿಧಿಯಲ್ಲಿ ಇದನ್ನೇ ಹೇಳುತ್ತದೆ. 9ನೇ ವಿಧಿ, ಹಿತಕ್ಕೆ ಧಕ್ಕೆಯಾಗದಿದ್ದರೆ ಇಬ್ಬರು ಹೆತ್ತವರೊಂದಿಗೂ ನಿಯತ ಸಂಪರ್ಕ ಇಟ್ಟುಕೊಳ್ಳುವುದು ಮಗುವಿನ ಹಕ್ಕು ಎನ್ನುತ್ತದೆ. ಹಕ್ಕು ಮಗುವಿನದು ಎಂಬುದಕ್ಕೆ ಅಡಿಗೆರೆ ಹಾಕಿಕೊಳ್ಳಿ.

ಅದೇ 1989ರಲ್ಲಿ ಇಂಗ್ಲೆಂಡ್ ತನ್ನ ಮಕ್ಕಳ ಕಾಯ್ದೆಯ ಮೂಲಕ ‘ಕಸ್ಟಡಿ’ (ಸುಪರ್ದಿ) ಎಂಬ ಪದವನ್ನೇ ಕೈಬಿಟ್ಟು, ಮಗು ಎಲ್ಲಿ ವಾಸಿಸುತ್ತದೆ, ಯಾರೊಡನೆ ಸಂಪರ್ಕದಲ್ಲಿರುತ್ತದೆ ಎಂದು ಬರೆಯತೊಡಗಿತು. ವಿಚ್ಛೇದನದ ನಂತರ ಒಬ್ಬರಿಗೆ ಮಾತ್ರ ಅಧಿಕಾರ ಎಂದು ಬಹುಕಾಲ ಹಟ ಹಿಡಿದಿದ್ದ ಜಪಾನ್, ಜಂಟಿ ಅಧಿಕಾರಕ್ಕೆ ಅವಕಾಶ ಕೊಡುವ ತಿದ್ದುಪಡಿಯನ್ನು 2024ರಲ್ಲಿ ಅಂಗೀಕರಿಸಿತು. ಹಾಗೆಂದು ಎಲ್ಲರೂ ಸಮಪಾಲಿನತ್ತ ಓಡುತ್ತಿದ್ದಾರೆ ಎಂದು ತಿಳಿಯಬಾರದು. ಹೆತ್ತವರಿಬ್ಬರಿಗೂ ಸಮಾನ ಹೊಣೆ ಇರುವುದೇ ಮಗುವಿಗೆ ಒಳ್ಳೆಯದು ಎಂಬ ಪೂರ್ವಗ್ರಹಿಕೆಯನ್ನು 2006ರಲ್ಲಿ ಕಾನೂನಿಗೆ ಸೇರಿಸಿದ್ದ ಆಸ್ಟ್ರೇಲಿಯಾ ಅದನ್ನು ತೆಗೆದುಹಾಕಿದೆ; ಆ ಬದಲಾವಣೆ 2024ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅರ್ಧ-ಅರ್ಧ ಎಂಬುದು ದೊಡ್ಡವರ ನ್ಯಾಯ. ಅದು ಮಗುವಿಗೆ ಹೊಂದುತ್ತದೆಯೇ ಎಂಬುದನ್ನು ಆಯಾ ಮಗುವನ್ನು ನೋಡಿಯೇ ಹೇಳಬೇಕು.

ಹಂತ 2: ಮಕ್ಕಳಿಗೆ ಹೇಳುವುದು

ಹೊಸ ಮನೆ, ಮೊದಲ ಕೆಲವು ವಾರಗಳ ವೇಳಾಪಟ್ಟಿ ಗೊತ್ತಾದ ಮೇಲೆ ಹೇಳಿ. ಅದಕ್ಕೆ ಮುಂಚೆ ಬೇಡ. ಯಾಕೆಂದರೆ ಮಗುವಿನ ಮೊದಲ ಪ್ರಶ್ನೆ ನಿಮ್ಮ ಸಂಬಂಧದ ಬಗ್ಗೆ ಇರುವುದಿಲ್ಲ. ನನ್ನ ಮಂಚ ಎಲ್ಲಿ, ಶಾಲೆ ಬದಲಾಗುತ್ತದೆಯೇ, ನಾಯಿಮರಿ ಯಾರ ಜೊತೆ ಇರುತ್ತದೆ ಎಂದು ಅದು ಕೇಳುತ್ತದೆ. ಉತ್ತರವಿಲ್ಲದೆ ಸುದ್ದಿ ಮಾತ್ರ ಕೊಟ್ಟರೆ ಭಯವನ್ನಷ್ಟೇ ಕೊಟ್ಟಂತಾಗುತ್ತದೆ.

ಸಾಧ್ಯವಿದ್ದರೆ ಇಬ್ಬರೂ ಒಟ್ಟಿಗೆ, ಎಲ್ಲ ಮಕ್ಕಳಿಗೂ ಒಮ್ಮೆಗೇ ಹೇಳಿ. ದೊಡ್ಡವಳಿಗೆ ಮೊದಲೇ ಹೇಳಿ ‘ತಮ್ಮನಿಗೆ ಹೇಳಬೇಡ’ ಎಂದು ಗುಟ್ಟಿನ ಹೊರೆ ಹೊರಿಸಬೇಡಿ. ಮರುದಿನ ಪರೀಕ್ಷೆಯಿರಬಾರದು, ಆ ರಾತ್ರಿಯೇ ಯಾರೂ ಪೆಟ್ಟಿಗೆ ಹಿಡಿದು ಹೊರಡಬಾರದು. ಮಾತು ಚಿಕ್ಕದಿರಲಿ: ‘ಅಪ್ಪ, ಅಮ್ಮ ಇನ್ನು ಮುಂದೆ ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ. ಇದು ನಾವು ದೊಡ್ಡವರು ಮಾಡಿದ ತೀರ್ಮಾನ, ನೀನು ಮಾಡಿದ ಯಾವುದರಿಂದಲೂ ಆದದ್ದಲ್ಲ. ನಿನಗೆ ಇಬ್ಬರೂ ಇದ್ದೇವೆ. ನಿನ್ನ ಶಾಲೆ ಅದೇ, ಸೋಮವಾರದಿಂದ ಗುರುವಾರ ಇಲ್ಲಿರುತ್ತೀಯ, ಶುಕ್ರವಾರ ಅಪ್ಪನ ಮನೆಗೆ ಹೋಗುತ್ತೀಯ.’ ಇಷ್ಟು ಸಾಕು. ಯಾರಿಂದ ಹೀಗಾಯಿತು ಎಂದು ಮಗು ಕೇಳಿದರೆ ‘ಅದು ನಮ್ಮಿಬ್ಬರ ವಿಷಯ’ ಎನ್ನುವುದು ಸುಳ್ಳೂ ಅಲ್ಲ, ದೂಷಣೆಯೂ ಅಲ್ಲ.

ವಯಸ್ಸಿಗೆ ತಕ್ಕಂತೆ ಪೆಟ್ಟು ಬೇರೆ. ಮೂರರಿಂದ ಐದು ವರ್ಷದ ಮಗು ತಾನು ಹಟ ಮಾಡಿದ್ದಕ್ಕೇ ಅಪ್ಪ ಹೋದನೆಂದು ನಂಬಬಲ್ಲದು. ಹಾಸಿಗೆ ಒದ್ದೆ ಮಾಡುವುದು, ಅಂಟಿಕೊಳ್ಳುವುದು ಮರುಕಳಿಸಬಹುದು, ಗದರಬೇಡಿ. ಆರರಿಂದ ಎಂಟರ ಮಕ್ಕಳು ಇಬ್ಬರನ್ನೂ ಮತ್ತೆ ಸೇರಿಸುವ ಉಪಾಯ ಹೂಡುತ್ತಾರೆ. ಒಂಬತ್ತರಿಂದ ಹನ್ನೆರಡರವರು ತಪ್ಪಿತಸ್ಥರನ್ನು ಹುಡುಕಿ ಒಂದು ಪಕ್ಷ ಸೇರುತ್ತಾರೆ, ಮತ್ತು ಆ ಪಕ್ಷದ ಹೆತ್ತವರಿಗೆ ಅದು ಹಿತವೆನಿಸುತ್ತದೆ ಎಂಬುದೇ ಅಪಾಯ. ಹದಿಹರೆಯದವರು ಏನೂ ಆಗದವರಂತೆ ನಟಿಸುತ್ತಾರೆ. ಅವರ ಜೊತೆ ಮಾತಿಗೆ ಎದುರಾಬದುರಾ ಕೂರುವುದಕ್ಕಿಂತ ವಾಹನದ ಪ್ರಯಾಣ ಅನುಕೂಲ.

ಒಂದು ಸಲ ಹೇಳಿ ಮುಗಿಯಿತು ಎಂದುಕೊಳ್ಳಬೇಡಿ. ಅದೇ ಪ್ರಶ್ನೆ ತಿಂಗಳುಗಟ್ಟಲೆ ಬರುತ್ತದೆ, ಅದೇ ಉತ್ತರವನ್ನು ಅದೇ ಶಾಂತಿಯಲ್ಲಿ ಕೊಡಬೇಕು. ಶಾಲೆಯ ತರಗತಿ ಶಿಕ್ಷಕರಿಗೂ ಒಂದು ಮಾತು ತಿಳಿಸಿ, ಕಥೆಯೆಲ್ಲ ಬೇಡ.

ಹಂತ 3: ಯಾರೊಡನೆ ಕೂತು ಬರೆಯುವುದು

ಇಬ್ಬರೇ ಕೂತು ಬರೆಯಬಲ್ಲವರು ಪುಣ್ಯವಂತರು. ಉಳಿದವರಿಗೆ ತರಬೇತಿ ಪಡೆದ ಮಧ್ಯಸ್ಥಗಾರರು ಇರುತ್ತಾರೆ. ಎಷ್ಟೋ ಕಡೆ ನ್ಯಾಯಾಲಯವೇ ಮೊದಲು ಅವರ ಬಳಿಗೆ ಕಳುಹಿಸುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ ಮನೋವಿಜ್ಞಾನಿ ರಾಬರ್ಟ್ ಎಮೆರಿ, ಸುಪರ್ದಿಗಾಗಿ ವ್ಯಾಜ್ಯಕ್ಕಿಳಿದಿದ್ದ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಮಧ್ಯಸ್ಥಿಕೆಗೂ ಇನ್ನೊಂದನ್ನು ಎಂದಿನ ನ್ಯಾಯಾಲಯದ ದಾರಿಗೂ ಬಿಟ್ಟರು. ಅಧ್ಯಯನ ಚಿಕ್ಕದು, ಆದರೆ 12 ವರ್ಷದ ನಂತರ ನೋಡಿದಾಗ ಮಧ್ಯಸ್ಥಿಕೆಗೆ ಹೋದ ಕುಟುಂಬಗಳಲ್ಲಿ, ಮಗುವಿನ ಜೊತೆ ವಾಸವಿಲ್ಲದ ತಂದೆ ಅಥವಾ ತಾಯಿ ಮಗುವಿನ ಬದುಕಿನಲ್ಲಿ ಹೆಚ್ಚು ಉಳಿದುಕೊಂಡಿದ್ದರು. ಅವರು ಮಧ್ಯಸ್ಥಗಾರರ ಮುಂದೆ ಕೂತಿದ್ದು ಕೆಲವೇ ಗಂಟೆ.

ಕೂರುವ ಮೊದಲು ಎರಡು ಕೆಲಸ ಮುಗಿಸಿ. ಮಗುವಿನ ಒಂದು ವಾರದ ದಿನಚರಿ ಬರೆಯಿರಿ: ಏಳುವ ಹೊತ್ತು, ಶಾಲೆ, ಪಾಠ, ಆಟ, ಔಷಧ, ಮಲಗುವ ಹೊತ್ತು, ಪ್ರತಿಯೊಂದನ್ನೂ ಈಗ ಯಾರು ನೋಡಿಕೊಳ್ಳುತ್ತಿದ್ದಾರೆ. ಇಬ್ಬರೂ ಬೇರೆ ಬೇರೆ ಬರೆದು ಹೋಲಿಸಿ ನೋಡಿ. ದಂತವೈದ್ಯರ ಹೆಸರು ಒಬ್ಬರ ಪಟ್ಟಿಯಲ್ಲಿ ಮಾತ್ರ ಇದ್ದರೆ, ಅದು ಯಾವ ವಾದಕ್ಕಿಂತಲೂ ಚೆನ್ನಾಗಿ ಸತ್ಯ ಹೇಳುತ್ತದೆ. ಎರಡನೆಯದು, ನಿಮ್ಮ ಕೆಲಸದ ವೇಳೆಯನ್ನು ಪ್ರಾಮಾಣಿಕವಾಗಿ ಬರೆಯುವುದು. ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು ವಾರದ ನಾಲ್ಕು ದಿನ ಮಗು ಬೇಕೆಂದು ಕೇಳಿ ಪಡೆದರೆ, ಪಡೆದದ್ದು ಆಯಾಳಿಗೆ ಸಿಗುತ್ತದೆ.

ಹಂತ 4: ವೇಳಾಪಟ್ಟಿ

ಒಪ್ಪಂದದ ಬೆನ್ನೆಲುಬು ಇದೇ. 14 ದಿನಗಳ ಒಂದು ಕೋಷ್ಟಕ ಎಳೆದುಕೊಂಡು, ಪ್ರತಿ ರಾತ್ರಿ ಮಗು ಎಲ್ಲಿ ಮಲಗುತ್ತದೆ ಎಂದು ತುಂಬಿ. ಚಾಲ್ತಿಯಲ್ಲಿರುವ ಮಾದರಿಗಳು ನಾಲ್ಕೈದು.

ಹಳೆಯದು, ಎರಡು ವಾರಕ್ಕೊಮ್ಮೆ ವಾರಾಂತ್ಯ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಎಂದರೆ 14ರಲ್ಲಿ ಎರಡೇ ರಾತ್ರಿ. ಕಾಗದದ ಮೇಲೆ ಕಾಣದ ಸಂಗತಿಯೆಂದರೆ, ಒಂದು ಭಾನುವಾರ ಬಿಟ್ಟ ಮೇಲೆ ಮುಂದಿನ ಭೇಟಿಗೆ 12 ದಿನ. ಪುಟ್ಟ ಮಗುವಿಗೆ ಅದು ಬಹಳ ದೀರ್ಘ ಕಾಲ. ಬುಧವಾರದ ಒಂದು ರಾತ್ರಿಯನ್ನು ಪ್ರತಿ ವಾರ ಸೇರಿಸಿದರೆ ಅಂತರ ಒಂದೇ ಏಟಿಗೆ ಕುಗ್ಗುತ್ತದೆ.

ಸಮಪಾಲು ಬೇಕೆನ್ನುವವರಿಗೆ ಮೂರು ಬಗೆ. ಎರಡು ದಿನ ಇಲ್ಲಿ, ಎರಡು ದಿನ ಅಲ್ಲಿ, ಮೂರು ದಿನ ಇಲ್ಲಿ, ಮರುವಾರ ಅದಕ್ಕೆ ತಿರುಗು ಎಂಬ 2-2-3 ಕ್ರಮದಲ್ಲಿ ಯಾರನ್ನೂ ಮೂರು ದಿನಕ್ಕಿಂತ ಹೆಚ್ಚು ಅಗಲಬೇಕಾಗಿಲ್ಲ; ಆದರೆ ವಾರಕ್ಕೆ ಮೂರು ಸಲ ಮನೆ ಬದಲು, ಸೋಮವಾರ ಯಾರದು ಎಂದು ಪ್ರತಿ ಸಲ ಕ್ಯಾಲೆಂಡರ್ ನೋಡಬೇಕು. 2-2-5-5ರಲ್ಲಿ ಸೋಮ-ಮಂಗಳ ಯಾವಾಗಲೂ ಒಬ್ಬರದು, ಬುಧ-ಗುರು ಇನ್ನೊಬ್ಬರದು, ಶುಕ್ರದಿಂದ ಭಾನುವಾರದವರೆಗೆ ಸರದಿ. ಸಂಗೀತ ಪಾಠ ಮಂಗಳವಾರವಿದ್ದರೆ ಅದರ ಹೊಣೆ ವರ್ಷವಿಡೀ ಒಬ್ಬರದೇ ಆಗಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಸಮಪಾಲಿನ ಮಾದರಿಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದು. ಮೂರನೆಯದು ವಾರ ಬಿಟ್ಟು ವಾರ. ಹನ್ನೆರಡು ದಾಟಿದವರಿಗೆ ಇದೇ ಇಷ್ಟ, ಯಾಕೆಂದರೆ ಗಂಟುಮೂಟೆ ಕಟ್ಟುವುದು ಕಡಿಮೆ.

ಮಗು ಒಂದೇ ಮನೆಯಲ್ಲಿದ್ದು ಹೆತ್ತವರೇ ಸರದಿಯಲ್ಲಿ ಬಂದು ಹೋಗುವ ‘ಗೂಡು’ ಮಾದರಿಯೂ ಇದೆ. ಕೇಳಲು ಚೆಂದ. ಆದರೆ ಮೂರು ಮನೆಗಳ ಖರ್ಚು ಬೀಳಬಹುದು, ಫ್ರಿಜ್ ತೊಳೆಯುವವರು ಯಾರು ಎಂಬ ಹಳೆಯ ಜಗಳ ಹೊಸದಾಗಿ ಶುರುವಾಗುತ್ತದೆ. ಮೊದಲ ಕೆಲವು ತಿಂಗಳ ತಾತ್ಕಾಲಿಕ ಏರ್ಪಾಡಾಗಿ ಸರಿ, ಕೊನೆಯ ದಿನಾಂಕ ಮೊದಲೇ ಬರೆದಿಟ್ಟರೆ.

ಎರಡು ವರ್ಷದೊಳಗಿನ ಶಿಶುವಿಗೆ ಈ ಯಾವ ಚೌಕಟ್ಟೂ ಹೊಂದುವುದಿಲ್ಲ. ಅದಕ್ಕೆ ಚಿಕ್ಕ ಭೇಟಿಗಳು, ಮತ್ತೆ ಮತ್ತೆ. ರಾತ್ರಿ ಬೇರೆ ಮನೆಯಲ್ಲಿ ಮಲಗಿಸಬಹುದೇ ಎಂಬ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಎದೆಹಾಲು, ನಿದ್ದೆಯ ಅಭ್ಯಾಸ, ಇಬ್ಬರಲ್ಲೂ ಮಗುವಿಗಿರುವ ಸಲುಗೆ ನೋಡಿ, ಮೂರು ತಿಂಗಳಿಗೊಮ್ಮೆ ಹೆಚ್ಚಿಸುತ್ತ ಹೋಗುವ ಮೆಟ್ಟಿಲುಗಳನ್ನು ಬರೆಯುವುದು ಜಾಣತನ.

ಮಾದರಿ ಯಾವುದೇ ಆಗಲಿ, ರಜೆಯ ಪಟ್ಟಿ ಪ್ರತ್ಯೇಕವಾಗಿರಬೇಕು, ಅದು ವಾರದ ಪಟ್ಟಿಯನ್ನು ಮೀರುತ್ತದೆ ಎಂದು ಒಂದು ಸಾಲು ಇರಬೇಕು. ಮುಖ್ಯ ಹಬ್ಬಗಳು ಸಮ ಸಂಖ್ಯೆಯ ವರ್ಷದಲ್ಲಿ ಒಬ್ಬರಿಗೆ, ಬೆಸ ವರ್ಷದಲ್ಲಿ ಇನ್ನೊಬ್ಬರಿಗೆ. ಬೇಸಿಗೆ ರಜೆ ಶಾಲೆ ಮುಚ್ಚಿದ ದಿನ ಸಂಜೆ ಆರು ಗಂಟೆಗೆ ಶುರು ಎಂದು ಗಂಟೆ ಸಮೇತ ಬರೆಯಿರಿ. ‘ರಜೆಯಲ್ಲಿ ಅರ್ಧ’ ಎಂದಷ್ಟೇ ಬರೆದ ಒಪ್ಪಂದ ಮೊದಲ ಬೇಸಿಗೆಯಲ್ಲೇ ಕುಸಿಯುತ್ತದೆ. ಅಜ್ಜ-ಅಜ್ಜಿಯರ ಭೇಟಿ ಆಯಾ ಹೆತ್ತವರ ಸಮಯದೊಳಗೇ ಬರುವಂತೆ ನೋಡಿಕೊಂಡರೆ ಮೂರನೆಯ ಕಕ್ಷಿ ಹುಟ್ಟುವುದಿಲ್ಲ.

ಹಂತ 5: ಕೈಬದಲಾವಣೆ

ಮಗುವಿಗೆ ಅತ್ಯಂತ ಕಷ್ಟದ ಹತ್ತು ನಿಮಿಷ ಇದು. ಸುಲಭ ಉಪಾಯವೆಂದರೆ ಶಾಲೆಯ ಮೂಲಕ ಬದಲಾಯಿಸುವುದು: ಬೆಳಿಗ್ಗೆ ಒಬ್ಬರು ಬಿಡುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ಕರೆದೊಯ್ಯುತ್ತಾರೆ. ಹೆತ್ತವರಿಬ್ಬರೂ ಎದುರಾಗುವುದೇ ಇಲ್ಲ. ರಜೆಯ ದಿನಗಳಲ್ಲಿ, ಮಗು ಯಾರ ಬಳಿ ಇದೆಯೋ ಅವರೇ ಇನ್ನೊಬ್ಬರ ಮನೆಗೆ ತಂದು ಬಿಡುವುದು ಒಳ್ಳೆಯದು. ಬಂದು ಎಳೆದೊಯ್ದಂತೆ ಅನಿಸುವುದಕ್ಕಿಂತ, ‘ಹೋಗಿ ಬಾ’ ಎಂದು ಕಳುಹಿಸಿಕೊಟ್ಟಂತೆ ಮಗುವಿಗೆ ಅನಿಸುತ್ತದೆ.

ಹಣ, ವಕೀಲರು, ಹಳೆಯ ಬಾಕಿ: ಬಾಗಿಲ ಬಳಿ ಇವುಗಳ ಮಾತು ಸಂಪೂರ್ಣ ನಿಷಿದ್ಧ. ಹಲ್ಲುಜ್ಜುವ ಬ್ರಶ್, ಒಳಉಡುಪು, ರಾತ್ರಿ ಬಟ್ಟೆ, ಚಾರ್ಜರ್ ಎರಡೂ ಮನೆಯಲ್ಲಿ ಇರಲಿ. ಮಗು ಅತಿಥಿಯಂತೆ ಚೀಲ ಹೊತ್ತು ಅಲೆಯುವುದು ಬೇಡ. ಓಡಾಡಬೇಕಾದದ್ದು ಶಾಲೆಯ ಚೀಲ, ಔಷಧ, ಅದಿಲ್ಲದೆ ನಿದ್ದೆ ಬಾರದ ಆ ಒಂದು ಗೊಂಬೆ. ಔಷಧದ ಜೊತೆ ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟಿದ್ದೆಂದು ಬರೆದ ಚೀಟಿ ಇರಬೇಕು. ಜ್ವರದ ಔಷಧ ಎರಡು ಸಲ ಬೀಳುವ ಅಪಾಯ ಇಂಥ ದಿನವೇ ಹೆಚ್ಚು.

ತಡವಾದರೆ ಎಷ್ಟು ಹೊತ್ತು ಕಾಯಬೇಕು, ತಪ್ಪಿದ ದಿನಕ್ಕೆ ಬದಲಿ ದಿನ ಉಂಟೋ ಇಲ್ಲವೋ, ಯಾವ ಕಾಯಿಲೆಗೆ ಭೇಟಿ ಮುಂದೂಡಬಹುದು, ಇವೂ ಇಲ್ಲೇ ಸೇರಬೇಕು. ನೆಗಡಿಗೆ ಭೇಟಿ ರದ್ದು ಮಾಡಬೇಕಾಗಿಲ್ಲ. ನೆಗಡಿಯಾದ ಮಗುವನ್ನು ಸಂಭಾಳಿಸುವುದೂ ಪಾಲನೆಯೇ.

ಹಂತ 6: ತೀರ್ಮಾನ ಯಾರದು

ದಿನನಿತ್ಯದ್ದು, ಅಂದರೆ ಊಟ, ಮಲಗುವ ಹೊತ್ತು, ಟಿ.ವಿ. ಎಷ್ಟು ಎಂಬುದು, ಆ ದಿನ ಮಗು ಯಾರ ಬಳಿ ಇದೆಯೋ ಅವರದು. ಇನ್ನೊಂದು ಮನೆಯ ನಿಯಮ ನಿಮ್ಮದಕ್ಕಿಂತ ಸಡಿಲವಿದ್ದರೆ ನುಂಗಿಕೊಳ್ಳಿ. ಮಕ್ಕಳು ಎರಡು ಮನೆಯ ಎರಡು ಬಗೆಯನ್ನು ಬೇಗ ಕಲಿಯುತ್ತಾರೆ. ದೊಡ್ಡ ತೀರ್ಮಾನಗಳು ನಾಲ್ಕು: ಶಾಲೆ, ದೊಡ್ಡ ಚಿಕಿತ್ಸೆ, ಧಾರ್ಮಿಕ ಸಂಸ್ಕಾರ, ವಿದೇಶ ಪ್ರಯಾಣ. ಇವುಗಳಿಗೆ ಇಬ್ಬರ ಒಪ್ಪಿಗೆಯೂ ಬೇಕು ಎಂದು ಬರೆಯುವುದು ಎಲ್ಲರಿಗೂ ಗೊತ್ತು. ಒಪ್ಪದಿದ್ದರೆ ಏನು ಎಂದು ಬರೆಯುವುದನ್ನು ಮರೆಯುತ್ತಾರೆ. ಉದಾಹರಣೆಗೆ ಹೀಗೆ ಬರೆಯಬಹುದು: ‘ಲಿಖಿತ ಪ್ರಸ್ತಾಪಕ್ಕೆ ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಪರಿಗಣಿಸತಕ್ಕದ್ದು. ಚಿಕಿತ್ಸೆಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೆ ಮಗುವಿನ ವೈದ್ಯರ ಸಲಹೆಯೇ ಅಂತಿಮ. ಉಳಿದದ್ದಕ್ಕೆ ಒಂದು ಸುತ್ತು ಮಧ್ಯಸ್ಥಿಕೆ, ನಂತರವೇ ನ್ಯಾಯಾಲಯ.’ ತುರ್ತು ಚಿಕಿತ್ಸೆಗೆ ಯಾರ ಒಪ್ಪಿಗೆಯನ್ನೂ ಕಾಯಬೇಕಾಗಿಲ್ಲ. ಕೂಡಲೇ ತಿಳಿಸುವುದು ಮಾತ್ರ ಕಡ್ಡಾಯ. ಶಾಲೆಯ ಮತ್ತು ಆಸ್ಪತ್ರೆಯ ನಮೂನೆಗಳಲ್ಲಿ ಇಬ್ಬರ ಹೆಸರು, ಫೋನ್ ಸಂಖ್ಯೆ ಎರಡೂ ಇರಲಿ.

ಹಂತ 7: ಹಣ

ಮಗುವಿನ ಜೀವನಾಂಶ ಮಗುವಿನ ಹಕ್ಕು. ಹಾಗಾಗಿ ಹೆಚ್ಚಿನ ನ್ಯಾಯಾಲಯಗಳು ಹೆತ್ತವರು ತಮ್ಮೊಳಗೆ ಅದನ್ನು ಬಿಟ್ಟುಕೊಡುವ ಒಪ್ಪಂದವನ್ನು ಒಪ್ಪುವುದಿಲ್ಲ. ಇದರಷ್ಟೇ ಮುಖ್ಯವಾದ ಇನ್ನೊಂದು ಮಾತು: ಹಣ ಬಂದಿಲ್ಲವೆಂದು ಭೇಟಿ ತಡೆಯುವಂತಿಲ್ಲ, ಭೇಟಿ ಸಿಗಲಿಲ್ಲವೆಂದು ಹಣ ನಿಲ್ಲಿಸುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಪರಿಹಾರದ ದಾರಿ ಇದೆ. ಒಂದನ್ನು ಇನ್ನೊಂದಕ್ಕೆ ಒತ್ತೆ ಇಟ್ಟವರು ನ್ಯಾಯಾಧೀಶರ ಮುಂದೆ ಸೋಲುವುದೇ ಹೆಚ್ಚು.

ತಿಂಗಳ ಮೊತ್ತ, ಪಾವತಿಯ ದಿನಾಂಕ, ವರ್ಷಕ್ಕೆ ಎಷ್ಟು ಏರಿಕೆ ಎಂಬುದು ಮೊದಲು. ಆ ಮೊತ್ತದೊಳಗೆ ಬಾರದ ಖರ್ಚುಗಳಿಗೆ, ಅಂದರೆ ಕನ್ನಡಕ, ಹಲ್ಲಿನ ತಂತಿ, ಶಾಲೆಯ ಪ್ರವಾಸ, ಆಸ್ಪತ್ರೆಯ ದೊಡ್ಡ ಬಿಲ್ ಇಂಥವಕ್ಕೆ, ಆದಾಯದ ಪ್ರಮಾಣದಲ್ಲಿ ಹಂಚಿಕೆ. ಇಬ್ಬರ ಒಟ್ಟು ಆದಾಯದಲ್ಲಿ ಒಬ್ಬರದು ಶೇ 65 ಇದ್ದರೆ ಇಂಥ ಬಿಲ್ಲಿನಲ್ಲೂ ಅವರದು ಶೇ 65. ಇಂತಿಷ್ಟು ಮೊತ್ತ ಮೀರಿದರೆ ಮೊದಲೇ ಕೇಳಬೇಕು, ರಸೀದಿ 30 ದಿನದೊಳಗೆ ಕಳುಹಿಸಬೇಕು, ಅದು ತಲುಪಿದ 15 ದಿನದೊಳಗೆ ಹಣ ಕೊಡಬೇಕು. ಎಲ್ಲವೂ ಬ್ಯಾಂಕ್ ಮೂಲಕವೇ ಆಗಲಿ, ಮಗುವಿನ ಕೈಯಲ್ಲಿ ಲಕೋಟೆ ಕಳುಹಿಸುವ ಪದ್ಧತಿ ಬೇಡವೇ ಬೇಡ.

ಹಂತ 8: ಸಂದೇಶ ಬರೆಯುವುದನ್ನು ಹೊಸದಾಗಿ ಕಲಿಯಿರಿ

ಮಗುವಿನ ವಿಷಯಕ್ಕೆ ಒಂದೇ ಮಾರ್ಗ ಗೊತ್ತುಮಾಡಿ: ಇಮೇಲ್, ಅಥವಾ ಸಹ-ಪಾಲನೆಗೆಂದೇ ಇರುವ ಆ್ಯಪ್, ಜೊತೆಗೆ ಇಬ್ಬರೂ ನೋಡಬಹುದಾದ ಕ್ಯಾಲೆಂಡರ್. ಫೋನ್ ಕರೆ ತುರ್ತಿಗೆ ಮಾತ್ರ. ಅಮೆರಿಕದ ವಕೀಲ, ಮಧ್ಯಸ್ಥಗಾರ ಬಿಲ್ ಎಡ್ಡಿ ಇಂಥ ಪತ್ರಗಳಿಗೆ ನಾಲ್ಕು ಗುಣ ಹೇಳಿದ್ದಾರೆ: ಚಿಕ್ಕದಿರಬೇಕು, ಮಾಹಿತಿ ಮಾತ್ರ ಇರಬೇಕು, ಸೌಜನ್ಯವಿರಬೇಕು, ದೃಢವಾಗಿರಬೇಕು.

ಹೀಗೆ ಬಂದಿದೆ ಎಂದುಕೊಳ್ಳಿ: ‘ಯಾವಾಗಲೂ ನಿಮ್ಮದು ಇದೇ ಹಾಡು. ಮಗುವಿಗಿಂತ ಆಫೀಸೇ ಹೆಚ್ಚು. ಮತ್ತೆ ತಡ ಮಾಡಿದರೆ ಕಳುಹಿಸುವುದೇ ಇಲ್ಲ.’ ಇದರಲ್ಲಿ ಉತ್ತರಿಸಬೇಕಾದದ್ದು ಸಮಯದ ವಿಚಾರ ಒಂದೇ. ‘ನಾಳೆ 6 ಗಂಟೆಯ ಬದಲು 7ಕ್ಕೆ ಬರುತ್ತೇನೆ. ಊಟ ಆಗಿದ್ದರೆ ಅನುಕೂಲ, ಇಲ್ಲದಿದ್ದರೆ ನಾನು ಮಾಡಿಸುತ್ತೇನೆ. ಈ ಹೊತ್ತು ಸರಿಯಾಗುವುದೇ ಎಂದು ಇಂದು ರಾತ್ರಿ 9ರೊಳಗೆ ತಿಳಿಸಿ. ಧನ್ಯವಾದ.’ ಉಳಿದ ಚುಚ್ಚುಮಾತಿಗೆ ಉತ್ತರ ಕೊಡದಿರುವುದು ಸೋಲಲ್ಲ. ಈ ಪತ್ರವನ್ನು ಮುಂದೊಂದು ದಿನ ನ್ಯಾಯಾಧೀಶರೂ, ಇಪ್ಪತ್ತಾದ ಮೇಲೆ ನಿಮ್ಮ ಮಗುವೂ ಓದಬಹುದು.

ಇಷ್ಟಾದರೂ ಪ್ರತಿ ಮಾತೂ ಜಗಳಕ್ಕೆ ತಿರುಗುವ ಜೋಡಿಗಳಿವೆ. ಅವರಿಗೆ ಸಹಕಾರದ ಪಾಲನೆಗಿಂತ ಸಮಾನಾಂತರ ಪಾಲನೆ ಮೇಲು: ಎರಡು ಮನೆ, ಎರಡು ಆಡಳಿತ, ವಾರಕ್ಕೊಂದು ಮಾಹಿತಿಯ ಇಮೇಲ್, ಶಾಲೆಯ ಸಭೆಗೂ ಬೇರೆ ಬೇರೆ ಸಮಯ. ಬಿಸಿ ಆರಿದ ಮೇಲೆ ಕೆಲವರು ಹತ್ತಿರ ಬರುತ್ತಾರೆ, ಕೆಲವರು ಕೊನೆಯವರೆಗೂ ಹೀಗೇ ಇರುತ್ತಾರೆ. ಎರಡೂ ಆಗಬಹುದು. ಮಗುವನ್ನು ದೂತನನ್ನಾಗಿ ಮಾಡುವುದು ಮಾತ್ರ ಕೂಡದು. ‘ಅಪ್ಪನಿಗೆ ಹೇಳು, ಫೀಸ್ ಕಟ್ಟಲಿ’ ಎಂಬ ಒಂದು ವಾಕ್ಯ ಸಾಕು, ಮಗುವಿನ ಊಟ ಸೇರದಿರಲು.

ಹಂತ 9: ‘ನಾನು ಹೋಗುವುದಿಲ್ಲ’ ಎಂದಾಗ

ಇಲ್ಲಿ ಅವಸರದ ತೀರ್ಪು ಎರಡು ಕಡೆಯಿಂದಲೂ ಬರುತ್ತದೆ. ಮಗು ಇರುವ ಮನೆಯವರು ‘ಅಲ್ಲೇನೋ ಆಗಿದೆ’ ಎನ್ನುತ್ತಾರೆ. ಕಾಯುತ್ತಿರುವವರು ‘ತಲೆ ಕೆಡಿಸಿದ್ದಾರೆ’ ಎನ್ನುತ್ತಾರೆ. ಮೊದಲು ಸಾಧಾರಣ ಕಾರಣಗಳನ್ನು ನೋಡಿ: ಗೆಳತಿಯ ಹುಟ್ಟುಹಬ್ಬ ತಪ್ಪುತ್ತದೆ, ಆ ಮನೆಯಲ್ಲಿ ಓದಲು ಜಾಗವಿಲ್ಲ, ಹೊಸಬರೊಬ್ಬರು ಇದ್ದಾರೆ, ಅಥವಾ ಹೊರಟಾಗ ಬಿಟ್ಟುಬಂದವರ ಕಣ್ಣಲ್ಲಿ ನೀರು ಕಂಡಿದೆ. ಇವೆಲ್ಲ ಸರಿಪಡಿಸಬಹುದಾದವು. ಹೊಡೆತ, ಅನುಚಿತ ಸ್ಪರ್ಶ, ಕುಡಿತ, ಮಗುವನ್ನು ಒಂಟಿ ಬಿಡುವುದು ಇಂಥ ಮಾತು ಬಂದರೆ, ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸದೆ, ಅದು ಹೇಳಿದ ಮಾತನ್ನು ಹೇಳಿದ ಹಾಗೇ ದಿನಾಂಕದೊಂದಿಗೆ ಬರೆದಿಟ್ಟು, ವೈದ್ಯರನ್ನೋ ಮಕ್ಕಳ ರಕ್ಷಣಾ ಅಧಿಕಾರಿಗಳನ್ನೋ ಕೂಡಲೇ ಕಾಣಬೇಕು.

ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದು ನಿಜಕ್ಕೂ ನಡೆಯುತ್ತದೆ. ಆದರೆ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಅದಕ್ಕೆ ಒಂದು ‘ಸಿಂಡ್ರೋಮ್’ ಎಂಬ ಹಣೆಪಟ್ಟಿ ಹಚ್ಚಿದಾಗಿನಿಂದ ವಿವಾದ ನಿಂತಿಲ್ಲ. ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗನಿರ್ಣಯ ಕೈಪಿಡಿ ಅದನ್ನು ಕಾಯಿಲೆಯಾಗಿ ಸೇರಿಸಿಕೊಳ್ಳಲಿಲ್ಲ. ಹಣೆಪಟ್ಟಿಗಿಂತ ನಡವಳಿಕೆಯ ದಾಖಲೆ ನ್ಯಾಯಾಲಯದಲ್ಲಿ ಹೆಚ್ಚು ತೂಗುತ್ತದೆ: ಎಷ್ಟು ಭೇಟಿ ತಪ್ಪಿತು, ಏನು ಕಾರಣ ಕೊಟ್ಟರು, ನೀವು ಏನು ಉತ್ತರಿಸಿದಿರಿ. ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಂತೆ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು, ಪ್ರೌಢತೆಗೆ ತಕ್ಕ ಬೆಲೆ ಇದೆ. ಅಭಿಪ್ರಾಯ ಕೇಳುವುದು ಬೇರೆ, ‘ನಿನಗೆ ಯಾರು ಬೇಕು?’ ಎಂದು ಆರಿಸಲು ಹೇಳುವುದು ಬೇರೆ. ಎರಡನೆಯದನ್ನು ಯಾವ ವಯಸ್ಸಿನ ಮಗುವಿಗೂ ಕೇಳಬಾರದು.

ಹಂತ 10: ಹೊಸ ಸಂಗಾತಿ, ಹೊಸ ಊರು, ಹೊಸ ವಯಸ್ಸು

ಸಂಬಂಧ ಗಟ್ಟಿಯಾಗುವವರೆಗೆ ಹೊಸ ಸಂಗಾತಿಯನ್ನು ಮಗುವಿಗೆ ಪರಿಚಯಿಸಬೇಡಿ. ಪರಿಚಯಿಸುವ ಮೊದಲು ಇನ್ನೊಬ್ಬ ಹೆತ್ತವರಿಗೆ ಒಂದು ಸಾಲು ತಿಳಿಸಿ. ಮಗುವಿನ ಬಾಯಿಂದ ತಿಳಿಯುವುದು ಇಬ್ಬರಿಗೂ ಕೆಟ್ಟದ್ದು. ಬಂದವರನ್ನು ಅಪ್ಪ, ಅಮ್ಮ ಎಂದು ಕರೆಯಲು ಒತ್ತಾಯ ಬೇಡ.

ಊರು ಬದಲಿಸುವುದಾದರೆ ಕನಿಷ್ಠ 60 ಅಥವಾ 90 ದಿನ ಮೊದಲು ಲಿಖಿತ ಸೂಚನೆ ಕೊಡಬೇಕೆಂದು ಒಪ್ಪಂದದಲ್ಲೇ ಇರಲಿ, ಪ್ರಯಾಣದ ಖರ್ಚಿನ ಹಂಚಿಕೆಯೂ ಇರಲಿ. ದೇಶದ ಗಡಿ ದಾಟುವ ವಿಷಯ ಇನ್ನೂ ಸೂಕ್ಷ್ಮ. ಮಕ್ಕಳನ್ನು ಅಕ್ರಮವಾಗಿ ಗಡಿ ದಾಟಿಸುವುದರ ಕುರಿತು ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದದ ಪ್ರಕಾರ, 16 ವರ್ಷದೊಳಗಿನ ಮಗುವನ್ನು ಅದು ವಾಸವಿದ್ದ ದೇಶದಿಂದ ಇನ್ನೊಬ್ಬರ ಹಕ್ಕು ಮೀರಿ ಕರೆದೊಯ್ದರೆ, ಮರಳಿ ಕಳುಹಿಸುವಂತೆ ಕೋರಬಹುದು. ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಬಲ ಹೆಚ್ಚು. ಭಾರತ ಸೇರಿದಂತೆ ಹಲವು ದೇಶಗಳು ಈ ಒಪ್ಪಂದಕ್ಕೆ ಸೇರಿಲ್ಲ. ಆದ್ದರಿಂದ ಒಬ್ಬರು ವಿದೇಶದಲ್ಲಿದ್ದರೆ ಪಾಸ್‌ಪೋರ್ಟ್ ಯಾರ ಬಳಿ, ಪ್ರಯಾಣದ ಒಪ್ಪಿಗೆ ಪತ್ರ ಹೇಗೆ, ಹಿಂತಿರುಗುವ ಟಿಕೆಟ್ ಯಾವಾಗ ತೋರಿಸಬೇಕು ಎಂಬುದನ್ನು ವಿಮಾನ ಹತ್ತುವ ಮೊದಲೇ ಬರೆದಿರಬೇಕು.

ಕೊನೆಯದಾಗಿ, ಒಪ್ಪಂದಕ್ಕೆ ಪರಿಶೀಲನೆಯ ದಿನಾಂಕಗಳಿರಲಿ: ವರ್ಷಕ್ಕೊಮ್ಮೆ, ಮತ್ತು ಮಗು ಶಾಲೆ ಸೇರಿದಾಗ, ಪ್ರೌಢಶಾಲೆಗೆ ಹೋದಾಗ, ಹದಿನಾರು ತುಂಬಿದಾಗ. ನ್ಯಾಯಾಲಯದ ಆದೇಶವಾಗಿದ್ದರೆ ಬಾಯಿಮಾತಿನ ಬದಲಾವಣೆ ಸಾಲದು. ಇಬ್ಬರೂ ಸಹಿ ಮಾಡಿ, ಆದೇಶವನ್ನೂ ತಿದ್ದಿಸಿಕೊಳ್ಳಬೇಕು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅಥವಾ ದೀರ್ಘ ಕಾಲ ಹಾಸಿಗೆ ಹಿಡಿದರೆ ಮಗು ಯಾರ ಬಳಿ, ವಿಮೆಯ ಹಣದ ನಾಮನಿರ್ದೇಶನ ಯಾರ ಹೆಸರಿಗೆ ಎಂಬ ಎರಡು ಸಾಲನ್ನೂ ಸೇರಿಸಿ. ವಿಚ್ಛೇದನದ ನಂತರವೂ ಹಳೆಯ ನಾಮನಿರ್ದೇಶನವೇ ಉಳಿದಿರುವ ವಿಮೆ ಪತ್ರಗಳು ಅಸಂಖ್ಯ. ನಿಮ್ಮದನ್ನು ಈ ವಾರವೇ ತೆಗೆದು ನೋಡಿ.